ನಾಲ್ಕು ಹೆಸರಿನ ಗುಳಿಗೆ

ಮುದಕವ್ವ ಆರು ತಿಂಗಳು ದೊಡ್ಡ ಮಗನ ಮನೆಯಲ್ಲಿರಬೇಕು, ಆರು ತಿಂಗಳು ಸಣ್ಣ ಮಗನ ಮನೆಯಲ್ಲಿ. ಗಂಡ ಮಲಕಪ್ಪ ತೀರಿಕೊಂಡ ವರ್ಷ ಅಣ್ಣತಮ್ಮಂದಿರು ಕೂತು ಮಾಡಿಕೊಂಡ ಕರಾರು ಇದು. ಮುದುಕಿಯನ್ನು ಯಾರೂ ಕೇಳಿರಲಿಲ್ಲ. ದೊಡ್ಡವ ಚನಬಸಪ್ಪ ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾನೆ. ಸಣ್ಣವ ಮಹಾಂತಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಂತ್ರಾಟಿ ಕೆಲಸಗಾರ. ದೀಪಾವಳಿ ಮುಗಿದ ವಾರ ಮುದಕವ್ವ ಒಂದು ಚೀಲ ಅಕ್ಕಿ, ಎರಡು ಸೀರೆ, ಒಂದು ಸ್ಟೀಲಿನ ಡಬ್ಬಿ ಹಿಡಿದು ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾಳೆ. ಆಕೆ ಇಳಿದ ದಿನದಿಂದ ಸೊಸೆ ರೂಪಾಲಿಯ ಮುಖ ಬಿಗಿಯುತ್ತದೆ.

ರೂಪಾಲಿ ಕೆಟ್ಟವಳೇನಲ್ಲ. ಬೆಳಗಾವಿ ಕಡೆಯವಳು, ಚುರುಕು ಕೈ, ಚುರುಕು ಬಾಯಿ. ಕೂತವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಮುದಕವ್ವ ಕೂತೇ ಇರುವವಳು. ಮುಖ ಬಾತು, ಕಾಲು ಬಾತು, ಮಧ್ಯಾಹ್ನ ಹನ್ನೆರಡಕ್ಕೂ ಶಾಲು ಹೊದ್ದು ಕಟ್ಟೆಯ ಮೇಲೆ ತೂಕಡಿಸುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಊರ ಕಡೆಯ ಸರಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಥೈರಾಯ್ಡ್ ಕಡಿಮೆಯಾಗಿದೆ, ಬದುಕಿರುವ ತನಕ ಗುಳಿಗೆ ನುಂಗಬೇಕು ಎಂದಿದ್ದರು. ಗುಳಿಗೆ ನುಂಗಿದ ಮೇಲೆ ಬಾವು ಇಳಿದಿತ್ತು, ತೂಕಡಿಕೆ ಅರ್ಧ ಇಳಿದಿತ್ತು. ಉಳಿದ ಅರ್ಧಕ್ಕೆ ಅರವತ್ತೈದು ವರ್ಷದ ವಯಸ್ಸೇ ಕಾರಣ ಎಂದು ಡಾಕ್ಟರು ಹೇಳಿದ್ದರು. ಅದು ಸೋಗು ಎಂದು ರೂಪಾಲಿ ಹೇಳುತ್ತಿದ್ದಳು.

"ಎಲಿ ಅಡಕಿ ಚೀಲಾ ತುಂಬಿಡಾಕ ಆಗತೈತಿ, ಎರಡ ಬಾಂಡೆ ತೊಳ್ಯಾಕ ಆಗೂದಿಲ್ಲ," ಎಂದು ಅವಳು ಗಂಡನಿಗೆ ಕೇಳುವಂತೆ, ಅತ್ತೆಗೂ ಕೇಳುವಂತೆ ಅನ್ನುತ್ತಿದ್ದಳು.

"ಆಕಿಗೆ ಬ್ಯಾನಿ ಐತಿ," ಎನ್ನುತ್ತಿದ್ದ ಮಹಾಂತಪ್ಪ, ತಟ್ಟೆಯಿಂದ ತಲೆ ಎತ್ತದೆ.

"ಮನಿಯಾಗ ಬ್ಯಾನಿ ಇಲ್ಲದವಳು ನಾ ಒಬ್ಬಾಕಿನ ಅಂತೀರೇನು?"

ಗುಳಿಗೆ ನುಂಗುವುದರಲ್ಲಿ ಮಾತ್ರ ಮುದಕವ್ವ ಒಂದು ದಿನವೂ ತಪ್ಪಿದವಳಲ್ಲ. ಅದಕ್ಕೆ ಆಕೆಯದೇ ಒಂದು ಪದ್ಧತಿ. ಊರ ಕಡೆ ಕೊಡುತ್ತಿದ್ದುದು ಸಣ್ಣ ಅಳತೆಯ ಗುಳಿಗೆ, ದಿನಕ್ಕೆ ನಾಲ್ಕು. ಓದು ಬರದ ಆಕೆಗೆ ಲೆಕ್ಕ ತಪ್ಪಬಾರದೆಂದು ನಾಲ್ಕಕ್ಕೂ ಹೆಸರಿಟ್ಟುಕೊಂಡಿದ್ದಳು. ನಸುಕಿನಲ್ಲಿ ಮುಖ ತೊಳೆದು, ಪೂರ್ವಕ್ಕೆ ಮುಖ ಮಾಡಿ, ಅಂಗೈಯಲ್ಲಿ ನಾಲ್ಕನ್ನೂ ಸಾಲಾಗಿ ಇಟ್ಟುಕೊಂಡು, ಒಂದೊಂದೇ ಬಾಯಿಗೆ ಹಾಕುತ್ತಿದ್ದಳು. "ಇದು ಉಳವಿ ಬಸವಣ್ಣಗ. ಇದು ಎಲ್ಲವ್ವಗ. ಇದು ನಮ್ಮ ಮನ್ಯಾರಿಗೆ. ಇದು ಕಾಜಲ್‌ಗ." ಮನ್ಯಾರೆಂದರೆ ತೀರಿಕೊಂಡ ಗಂಡ. ಕಾಜಲ್ ಎಂದರೆ ಮಹಾಂತಪ್ಪನ ಮಗಳು, ಪಿಯುಸಿ ಓದುವ ಹುಡುಗಿ. ಅದಾದ ಮೇಲೆ ಅರ್ಧ ಗಂಟೆ ಚಹಾ ಕುಡಿಯುವಂತಿಲ್ಲ. ಗೋಡೆಗೊರಗಿ ಕಾಯುತ್ತ ಕೂಡುತ್ತಿದ್ದಳು. ನಾಲ್ಕು ಹೆಸರಿನಲ್ಲಿ ತನ್ನದಿಲ್ಲವೆನ್ನುವುದು ರೂಪಾಲಿಗೆ ಮೊದಲ ದಿನವೇ ಲಕ್ಷ್ಯಕ್ಕೆ ಬಂದಿತ್ತು. ಮಗನದೂ ಇರಲಿಲ್ಲ, ಅದು ಬೇರೆ ಮಾತು.

ಹೋದ ವರ್ಷ ಚನಬಸಪ್ಪ ಬಸ್ಸಿನವರ ಕೈಯಲ್ಲಿ ಗುಳಿಗೆ ಕಳಿಸುತ್ತಿದ್ದ. ಈ ವರ್ಷ ಅವನಿಗೆ ಸುಗ್ಗಿಯ ಗಡಿಬಿಡಿ. "ನಿಮ್ಮೂರಾಗೂ ಸರಕಾರಿ ದವಾಖಾನಿ ಐತೆಲ್ಲಪಾ, ಅಲ್ಲೇ ತೊಗೊಂಬಿಡ್ರಿ," ಎಂದು ಫೋನಿನಲ್ಲಿ ಹೇಳಿಬಿಟ್ಟ. ಮಹಾಂತಪ್ಪನಿಗೆ ಮೊದಲ ಪಾಳಿ. ಹಾಗಾಗಿ ಒಂದು ಗುರುವಾರ ರೂಪಾಲಿಯೇ ಅತ್ತೆಯನ್ನು ಕರೆದುಕೊಂಡು ಹೋದಳು.

ದಾಂಡೇಲಿಯಲ್ಲಿ ಡಾಕ್ಟರು ಹಳೆಯ ಚೀಟಿ ನೋಡಿ, ನಾಡಿ ನೋಡಿ, ಹೊಸ ಚೀಟಿ ಬರೆದುಕೊಟ್ಟರು. ಮುದಕವ್ವ ಫ್ಯಾನಿನ ಕೆಳಗಿನ ಬೆಂಚು ಹಿಡಿದು ಕೂತಳು. ಔಷಧಿ ಕೊಡುವ ಕಿಟಕಿಯ ಮುಂದೆ ನಿಂತವಳು ರೂಪಾಲಿ ಒಬ್ಬಳೇ. ಒಳಗಿದ್ದ ಹೆಣ್ಣುಮಗಳು ಒಂದು ಬಾಟ್ಲಿ ತೆಗೆದು, ಕಾಗದದ ಪಾಕೀಟಿಗೆ ಹಾಕುವ ಮೊದಲು ಬೆರಳಿನಿಂದ ತಟ್ಟಿ ತಟ್ಟಿ ಹೇಳಿದಳು.

"ನೋಡ್ರಿ, ಲಕ್ಷ್ಯ ಕೊಟ್ಟು ಕೇಳ್ರಿ. ಅಲ್ಲಿ ನಿಮಗ ಇಪ್ಪತ್ತೈದರದು ಕೊಡ್ತಿದ್ರು, ಅದಕ್ಕ ನಾಕು. ನಮ್ಮಲ್ಲಿ ಬರೂದು ನೂರರದು. ಇದೊಂದ ಆ ನಾಕಕ್ಕ ಸಮ. ದಿನಕ್ಕ ಒಂದ, ಬರೀ ಹೊಟ್ಟೀಲೆ. ಇದರಾಗ ನೂರು ಗುಳಗಿ ಅದಾವ, ಮೂರು ತಿಂಗಳ ಮ್ಯಾಲೆ ಬರತಾವ. ಯಾರು ತೊಗೋಳೋರು?"

"ನಮ್ಮ ಅತ್ತಿ. ಓದಾಕ ಬರೂದಿಲ್ರಿ ಅವರಿಗೆ."

ಆ ಹೆಣ್ಣುಮಗಳು ಪಾಕೀಟಿನ ಮೇಲೆ ಪೆನ್ನಿನಿಂದ ಒಂದು ಸೂರ್ಯನ ಚಿತ್ರ ಬರೆದು, ಪಕ್ಕದಲ್ಲಿ ಒಂದೇ ಒಂದು ಉದ್ದ ಗೆರೆ ಎಳೆದಳು. ಅವಳು ತನ್ನ ಕೆಲಸ ಪೂರ್ತಿ ಮಾಡಿದಳು. ಮುಂದಿನದು ರೂಪಾಲಿಯ ಪಾಲಿನ ಕೆಲಸ.

ರೂಪಾಲಿ ಹೇಳಲಿಲ್ಲ ಎನ್ನುವಂತಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು. "ಅತ್ತಿ, ಇನ್ನ ದಿನಕ್ಕ ಒಂದ ಗುಳಗಿ. ಇದು ದೊಡ್ಡದಂತ."

ಮುದಕವ್ವ ಬಾಟ್ಲಿ ತೆಗೆದು ಅಂಗೈಗೆ ಒಂದು ಗುಳಿಗೆ ಸುರುವಿಕೊಂಡು ನೋಡಿದಳು. "ದೊಡ್ಡದ ಎಲ್ಲೈತಿ? ಅಷ್ಟ ಐತೆಲ್ಲ."

"ನೋಡಾಕ ಅಷ್ಟ. ಒಳಗ ಔಷಧಿ ಜಾಸ್ತಿ."

"ಒಂದ ತೊಗೊಂಡ್ರ ಯಾರನ್ನ ಬಿಡಲಿ? ಬಸವಣ್ಣನ್ನ ಬಿಡಲೋ, ಎಲ್ಲವ್ವನ್ನ ಬಿಡಲೋ?"

"ಅತ್ತಿ, ಅದು ಔಷಧ. ನೈವೇದ್ಯ ಅಲ್ಲ."

"ಹೌದವಾ. ಮೊದಲ ರೊಟ್ಟಿ ಮೂರರಿಂದ ಎರಡ ಮಾಡಿದಿ. ತುಪ್ಪ ಬಿಡಿಸಿದಿ. ಈಗ ಸರಕಾರದವರು ಪುಕ್ಕಟ ಕೊಡೂ ಗುಳಗಿನೂ ಕಡಿಮಿ ಮಾಡ್ತಿ."

ರೂಪಾಲಿಗೆ ಸಿಟ್ಟು ಬಂತು. ತುಪ್ಪ ಬಿಡಿಸಿದ್ದು ಡಾಕ್ಟರು, ಅವಳಲ್ಲ. ಮುಂಜಾನೆಯಿಂದ ದವಾಖಾನೆಯ ಸಾಲಿನಲ್ಲಿ ನಿಂತವಳು ಅವಳು; ಒಲೆಯ ಮೇಲೆ ಇನ್ನೂ ಅನ್ನ ಇಟ್ಟಿರಲಿಲ್ಲ. "ತೊಗೋರಿ," ಅಂದಳು. "ನಾಕರ ತೊಗೋರಿ, ಹತ್ತರ ತೊಗೋರಿ. ಇನ್ನ ನಿಮ್ಮ ಗುಳಗಿ ಮಾತಿಗೆ ನಾ ಬರೂದಿಲ್ಲ."

ಮುದಕವ್ವ ಬಾಟ್ಲಿಯನ್ನು ತನ್ನ ಸ್ಟೀಲಿನ ಡಬ್ಬಿಗೆ ಬೋರಲು ಹಾಕಿ ಮುಚ್ಚಳ ಬಿಗಿದಳು. ಸೂರ್ಯನ ಚಿತ್ರದ ಪಾಕೀಟು ಗೋಡೆಯ ಮಾಡದಲ್ಲಿ ಹಳೆಯ ಚೀಟಿಗಳ ಕೆಳಗೆ ಹೋಯಿತು. ಮರುದಿನ ನಸುಕಿನಲ್ಲಿ ರೂಪಾಲಿ ಹಾಸಿಗೆಯಲ್ಲಿ ಮಲಗಿಯೇ ಕೇಳಿಸಿಕೊಂಡಳು: ಬಸವಣ್ಣಗ, ಎಲ್ಲವ್ವಗ, ಮನ್ಯಾರಿಗೆ, ಕಾಜಲ್‌ಗ. ಎದ್ದು ಹೋಗಿ ಕೈ ಹಿಡಿಯಬೇಕಿತ್ತು. ಅವಳು ಮಗ್ಗಲು ಬದಲಿಸಿ ಮಲಗಿದಳು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಮನೆಯಲ್ಲಿ ಎಲ್ಲರೂ ಕಣ್ಣು ಬಾಯಿ ಬಿಡುವಂತಾಯಿತು. ಮುದಕವ್ವ ನಾಲ್ಕಕ್ಕೇ ಎದ್ದು ಅಂಗಳ ಗುಡಿಸಿದಳು. ಗುಡಿಸಿ ನೀರು ಹೊಡೆದಳು. ಚಹಾಕ್ಕೆ ಕಾಯುವ ಆ ಅರ್ಧ ಗಂಟೆ ಕೂಡ್ರಲಿಕ್ಕೆ ಆಗದೆ ರಾತ್ರಿಯ ಬಾಂಡೆಯನ್ನೆಲ್ಲ ತಿಕ್ಕಿ ಬೋರಲು ಹಾಕಿದಳು. ರೂಪಾಲಿ ಎದ್ದು ಬರುವ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು.

"ದಾಂಡೇಲಿ ನೀರು ಹಿಡದೈತಿ ನೋಡು ಅವ್ವಗ," ಎಂದ ಮಹಾಂತಪ್ಪ ಬಿಸಿ ರೊಟ್ಟಿ ಮುರಿಯುತ್ತ. ಐದೂವರೆಗೆ ಮನೆ ಬಿಡುವ ಅವನಿಗೆ ಬುತ್ತಿಯಲ್ಲಿ ಬಿಸಿ ರೊಟ್ಟಿ ಸಿಕ್ಕಿದ್ದು ಮದುವೆಯಾದ ಹೊಸತನ್ನು ಬಿಟ್ಟರೆ ಅದೇ ಮೊದಲು.

"ಆಯಿ ಶಾಲು ಹೊಚಗೋಳೂದ ಬಿಟ್ಟಾಳ," ಎಂದಳು ಕಾಜಲ್, ಅಜ್ಜಿಯ ಕಡೆ ಕೈ ತೋರಿಸಿ. "ಡಿಸೆಂಬರ್ ಥಂಡಿಯಾಗ ಫ್ಯಾನ್ ಹಚ್ಚು ಅಂತಾಳ."

 ರೂಪಾಲಿಯ ತಲೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಗಣೇಶಗುಡಿ ರಸ್ತೆಯ ಒಂದು ರೆಸಾರ್ಟಿನ ಅಡಿಗೆ ಮನೆಗೆ ಹೆಂಗಸರು ಬೇಕಾಗಿದ್ದರು. ಕಾಳಿ ನದಿಯಲ್ಲಿ ದೋಣಿಯಾಟ ಆಡಲು ಬರುವವರಿಗೆ ಚಪಾತಿ ಲಟ್ಟಿಸುವ ಕೆಲಸ. ಎರಡು ವರ್ಷದಿಂದ ಅವಳಿಗೆ ಆಸೆ. ಮನೆ ಬಿಟ್ಟು ಹೋಗುವಂತಿರಲಿಲ್ಲ. ಮುಂಜಾನೆಯ ಬುತ್ತಿ, ನಳದ ನೀರು, ಸಂಜೆಯ ಅಡಿಗೆ ಯಾರು ಮಾಡಬೇಕು? ಈಗ ಮಾಡುವವರು ಸಿಕ್ಕಿದ್ದರು.

"ಅತ್ತಿ, ನಾ ಕೆಲಸಕ್ಕ ಹೋಗ್ಲೇನ್ರಿ?" ಎಂದು ಕೇಳಿದಳು.

"ಹೋಗವಾ. ನಾ ಇದ್ದೇನೆಲ್ಲ," ಎಂದಳು ಮುದಕವ್ವ. ಎರಡೂ ಕೈಯಿಂದ ಹಿಟ್ಟು ನಾದುತ್ತಿದ್ದಳು. ಕೈ ಸ್ವಲ್ಪ ನಡುಗುತ್ತಿತ್ತು, ಆದರೂ ನಿಂತಿರಲಿಲ್ಲ.

ಅಂದು ಸಂಜೆ ರೂಪಾಲಿ ಊಟಕ್ಕೆ ಬಡಿಸುತ್ತ ಎಲ್ಲರೆದುರಿಗೆ ಒಂದು ಮಾತು ಅಂದಳು. "ಖರೆ ಹೇಳ್ತೇನ್ರಿ ಅತ್ತಿ, ನೀವು ಇರೂದಕ್ಕ ಈ ಮನಿ ನಡೀತೈತಿ." ಹದಿನೆಂಟು ವರ್ಷದಲ್ಲಿ ಅವಳು ಅತ್ತೆಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಮುದಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಯಾರೂ ನೋಡಲಿಲ್ಲ.

ಮುಂದಿನ ವಾರದಿಂದ ಏಳೂವರೆಗೆ ರೆಸಾರ್ಟಿನ ಟೆಂಪೋ ಓಣಿಯ ಬಾಯಿಗೆ ಬರತೊಡಗಿತು. ರೂಪಾಲಿ ಹೊಸ ಚಪ್ಪಲಿ ಮೆಟ್ಟಿ, ಕೂದಲಿಗೆ ಕ್ಲಿಪ್ಪು ಹಾಕಿ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಜೊತೆಯಾದವಳು ರೀನಾ, ಜೋಯಿಡಾದ ಕಾಡಿನೊಳಗಿನ ನಾಲ್ಕು ಮನೆಯ ಒಂದು ವಾಡೆಯವಳು. ಮನೆಯಲ್ಲಿ ಕೊಂಕಣಿ, ರೂಪಾಲಿಯೊಡನೆ ಕನ್ನಡ. ಮೂರನೆಯ ದಿನ ಕಣಕ ನಾದುತ್ತ ಅವಳು ತನಗೂ ಥೈರಾಯ್ಡ್ ಇದೆ ಎಂದಳು.

"ನಮ್ಮ ಕಡೆ ಐವತ್ತರ ಗುಳಿಗೆ ಕೊಡ್ತಾರೆ ಅಕ್ಕ, ದಿನಾ ಎರಡು. ನನ್ನ ತಂಗಿ ಹಳಿಯಾಳದಲ್ಲಿ ಇರ್ತಾಳಲ್ಲ, ಅವಳಿಗೆ ನೂರರದು, ಒಂದು. ನಾನು ತಂಗಿ ಮನೆಗೆ ಹೋದಾಗ ನನ್ನದು ತೀರಿತ್ತು. ಅವಳ ಡಬ್ಬಿಯಿಂದ ತಗೊಂಡೆ, ರೂಢಿ ಮೇಲೆ ಎರಡೆರಡು. ಎಂಟು ದಿನದಲ್ಲಿ ಎದೆ ಹಾರ್ತಿತ್ತು ನೋಡು, ಹಿಡಿದ ಕೋಳಿ ಹಾಗೆ. ಡಾಕ್ಟರ್ ಬೈದ್ರು. ಎರಡಕ್ಕೆ ಹೀಗಾದ್ರೆ, ಹೆಚ್ಚಿಗೆ ತಗೊಂಡಿದ್ರೆ ಹೃದಯ ನಿಲ್ತಿತ್ತು ಅಂದ್ರು."

ರೂಪಾಲಿಯ ಕೈಯಲ್ಲಿ ಲಟ್ಟಣಿಗೆ ನಿಂತಿತು.

"ಏನಾಯ್ತು ಅಕ್ಕ?"

"ಏನಿಲ್ಲ. ಹಿಟ್ಟ ಅಂಟತೈತಿ," ಎಂದಳು ರೂಪಾಲಿ.

ಅದು ಬುಧವಾರ. ಮನೆಗೆ ಹೋದವಳು ಅತ್ತೆಯನ್ನು ಸರಿಯಾಗಿ ನೋಡಿದಳು. ಕುಪ್ಪಸದ ತೋಳು ಸಡಿಲಾಗಿತ್ತು. ಬೆಳ್ಳಿಯ ಕಡಗ ಮೊಣಕೈತನಕ ಜಾರುತ್ತಿತ್ತು. ಖಾರಪುಡಿಯ ಚಮಚ ಎತ್ತಿದರೆ ಅರ್ಧ ಪುಡಿ ಕಟ್ಟೆಯ ಮೇಲೆ. ಆ ದಿನ ಪಕ್ಕದ ಮನೆಯ ಮಹಾದೇವಕ್ಕನೊಡನೆ ನಳದ ಪಾಳಿಗೆ ಜಗಳ ಬೇರೆ ಆಗಿತ್ತು. ಜನ್ಮದಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದ ಮುದುಕಿ ಕೊಡ ಎತ್ತಿ ನಿಂತಿದ್ದಳಂತೆ.

"ಮಮ್ಮಿ, ಆಯಿ ಎದೀ ಮ್ಯಾಲ ತಲಿ ಇಟ್ಟ ಮಲಗಿದ್ದೆ," ಎಂದಳು ಕಾಜಲ್. "ಎಷ್ಟ ಜೋರ ಹೊಡಕೋತೈತಿ ಗೊತ್ತೇನು? ನಡುನಡುವ ತಾಳ ತಪ್ಪತೈತಿ."

"ಕೆಲಸ ಮಾಡ್ಯಾರ, ದಣದಿರ್ತಾರ," ಎಂದಳು ರೂಪಾಲಿ.

ಅಂದು ಅತ್ತೆ ಹಿತ್ತಲಿಗೆ ಹೋದಾಗ ಅವಳು ಸ್ಟೀಲಿನ ಡಬ್ಬಿ ತೆಗೆದು ನೋಡಿದಳು. ಮೂರು ತಿಂಗಳು ಬರಬೇಕಾದ ಗುಳಿಗೆ. ತಳದಲ್ಲಿ ಹದಿನಾರು ಇಪ್ಪತ್ತು ಉಳಿದಿದ್ದವು. ಮುಚ್ಚಳ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟಳು.

ಹೇಳಬೇಕೆಂದೇ ಇದ್ದಳು. ಆದರೆ ಶನಿವಾರ, ರವಿವಾರ ರೆಸಾರ್ಟು ತುಂಬಿತ್ತು. ರಜೆ ಹಾಕಬಾರದೆಂದು ಮ್ಯಾನೇಜರ ಕೈ ಮುಗಿದು ಹೇಳಿದ್ದ. ಇವತ್ತು ಹೇಳಿದರೆ ನಾಳೆ ದವಾಖಾನೆಗೆ ಕರೆದೊಯ್ಯಬೇಕು, ನಾಡಿದ್ದಿನಿಂದ ಮತ್ತೆ ಅತ್ತೆ ಶಾಲು ಹೊದ್ದು ಕೂಡುತ್ತಾಳೆ. ಸೋಮವಾರ ಹೇಳಿದರಾಯಿತು. ಇಷ್ಟು ದಿನ ಆಗದ್ದು ನಾಲ್ಕು ದಿನದಲ್ಲಿ ಏನಾದೀತು? ಹೀಗೆ ಅಂದುಕೊಂಡಳು ರೂಪಾಲಿ, ಮತ್ತು ಹೀಗೆ ಅಂದುಕೊಂಡದ್ದನ್ನು ಮುಂದೆ ಒಂದು ದಿನವೂ ಮರೆಯಲಾಗಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ, ರವಿವಾರ. ನಾಲ್ಕು ನಸುಕು ಆ ನಾಲ್ಕು ಹೆಸರನ್ನು ಅವಳು ಒಲೆಯ ಮುಂದೆ ನಿಂತು ಕೇಳಿದಳು.

ಸೋಮವಾರ ಮುಂಜಾನೆ ಹತ್ತಕ್ಕೆ ಮುದಕವ್ವ ಹಾಸಿಗೆಯ ಚಾದರು ಒಗೆಯುತ್ತ ನಳದ ಕಟ್ಟೆಯ ಮೇಲೆ ಬಿದ್ದಳು. ಎತ್ತಿದವಳು ಮಹಾದೇವಕ್ಕ, ಜಗಳವಾಡಿದವಳೇ. ಸಂಜೆ ಹೇಳಿದರಾಯಿತೆಂದು ಆ ದಿನವೂ ಟೆಂಪೋ ಹತ್ತಿದ್ದ ರೂಪಾಲಿಗೆ ಫೋನು ಬಂದಾಗ ಎರಡೂ ಕೈಯಲ್ಲಿ ಹಿಟ್ಟಿತ್ತು. ತೊಳೆಯದೆಯೇ ಯಾರದೋ ಬೈಕು ಹತ್ತಿ ಬಂದಳು. ಅಷ್ಟು ಹೊತ್ತಿಗೆ ದಾಂಡೇಲಿಯ ದವಾಖಾನೆಯಲ್ಲಿ ಮುದುಕಿಯ ಮೂಗಿಗೆ ನಳಿಗೆ ಹಾಕಿದ್ದರು. ಎದೆಯ ಬಡಿತ ತಾಳ ತಪ್ಪಿದೆ, ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಹಳಿಯಾಳ ದಾಟುವತನಕ ಮುದಕವ್ವ ಸೊಸೆಯ ಕೈ ಹಿಡಿದುಕೊಂಡಿದ್ದಳು. ಆ ಕೈಯ ಮೇಲೆ ಹಿಟ್ಟು ಒಣಗಿ ಬಿಗಿದಿತ್ತು.

ಹುಬ್ಬಳ್ಳಿಯಲ್ಲಿ ನೋಡಿದ್ದು ಒಬ್ಬಳು ಹರೆಯದ ಡಾಕ್ಟರು, ಮೈಸೂರು ಕಡೆಯ ಮಾತಿನವಳು. ರಕ್ತದ ವರದಿ ಹಿಡಿದುಕೊಂಡು ಬಂದಳು.

"ಅಜ್ಜಿ, ದಿನಕ್ಕೆ ಎಷ್ಟು ಗುಳಿಗೆ ತಗೋತಿದ್ರಿ?"

"ನಾಕು ಯವ್ವಾ."

"ಇದು ನೂರರದು. ಒಂದು ತಗೋಬೇಕಿತ್ತು. ನಾಲ್ಕು ಪಟ್ಟು ಆಯ್ತಲ್ಲ." ಅವಳು ಮಹಾಂತಪ್ಪನ ಕಡೆ ತಿರುಗಿದಳು. "ಇದೇ ತೊಂದರೆ ನೋಡಿ. ಒಂದು ತಾಲೂಕಲ್ಲಿ ಇಪ್ಪತ್ತೈದು ಇರುತ್ತೆ, ಇನ್ನೊಂದರಲ್ಲಿ ಐವತ್ತು, ಮತ್ತೊಂದರಲ್ಲಿ ನೂರು. ಕೆಲವು ಕಡೆ ಇಲ್ಲವೇ ಇಲ್ಲ, ಹೊರಗೆ ಬರೆದುಕೊಡ್ತಾರೆ. ಊರು ಬದಲಾದಾಗ ಕೇಳಿಕೊಳ್ಳಬೇಕು. ಕೊಡುವಾಗ ಒಂದೇ ಅಂತ ಯಾರೂ ಹೇಳಲಿಲ್ವಾ?"

 ರೂಪಾಲಿ ಮಂಚದ ಕಂಬಿ ಹಿಡಿದು ನಿಂತಿದ್ದಳು. ಬಾಯಿ ತೆರೆದಿದ್ದರೆ ಒಂದು ಮಾತು ಸಾಕಿತ್ತು.

"ಹೇಳಿರಬೇಕು ಯವ್ವಾ," ಎಂದಳು ಮುದಕವ್ವ. "ನಾ ಓದದಾಕಿ. ನನಗ ತಿಳೀಲಿಲ್ಲ."

"ತಿಳೀಲಿಲ್ಲ ಅಂದ್ರ?" ಮಹಾಂತಪ್ಪ ವಾರ್ಡಿನ ಎಲ್ಲರಿಗೂ ಕೇಳುವಂತೆ ಸಿಡಿದ. "ಚಕ್ಕುಲಿ ಆಗಿದ್ವೇನು ಬೇಕಾದಷ್ಟ ತಿನ್ನಾಕ? ಸತ್ತಿದ್ದರ ಊರ ಮಂದಿ ನನಗೇನ ಅಂತಿದ್ರು? ವಯಸ್ಸಾದಂಗ ಬುದ್ಧಿ ಬ್ಯಾಡೇನ ನಿನಗ?"

ಮುದಕವ್ವ ಗೋಡೆಯ ಕಡೆ ಮುಖ ಮಾಡಿದಳು. ಪಕ್ಕದ ಮಂಚದವರು ತಿರುಗಿ ನೋಡಿದರು. ರೂಪಾಲಿ ಆಗಲೂ ಸುಮ್ಮನಿದ್ದಳು. ಮೊದಲಿನ ಸುಮ್ಮನಿರುವಿಕೆಗೆ ಸಿಟ್ಟಿನ ನೆವ ಇತ್ತು, ಎರಡನೆಯದಕ್ಕೆ ಕೆಲಸದ ನೆವ. ಇದಕ್ಕೆ ಯಾವ ನೆವವೂ ಇರಲಿಲ್ಲ, ಬರೀ ಹೆದರಿಕೆ.

ದವಾಖಾನೆಯಲ್ಲಿ ಐದು ದಿನ ಎಂದರು. ಚನಬಸಪ್ಪ ಚಿಗಳ್ಳಿಯಿಂದ ಬಂದು ಅವ್ವನ ಹತ್ತಿರ ಉಳಿದ. ಮೂರನೆಯ ದಿನ ಗಂಡ ಹೆಂಡತಿ ದಾಂಡೇಲಿಗೆ ತಿರುಗಿ ಬಂದರು, ಬಟ್ಟೆ ಮತ್ತು ರೇಷನ್ ಕಾರ್ಡು ಒಯ್ಯಲಿಕ್ಕೆ. ಕಾರ್ಡು ಹುಡುಕಲು ಮಾಡಕ್ಕೆ ಕೈ ಹಾಕಿದವಳು ಕಾಜಲ್. ಹಳೆಯ ಚೀಟಿಗಳ ನಡುವಿನಿಂದ ಕಾಗದದ ಪಾಕೀಟು ಹಿಡಿದುಕೊಂಡು ಅಡಿಗೆ ಮನೆಗೆ ಬಂದಳು.

"ಮಮ್ಮಿ, ಇದರ ಮ್ಯಾಲ ಸೂರ್ಯಾ ತಗದಾರ. ಒಂದ ಗೆರಿ ಐತಿ."

ರೂಪಾಲಿ ಬೇಳೆ ತೊಳೆಯುತ್ತಿದ್ದಳು.

"ಮಮ್ಮಿ, ಒಂದ ಗೆರಿ ಅಂದ್ರ ಒಂದ ಗುಳಗಿ. ನಿನಗ ಗೊತ್ತಿತ್ತಲ್ಲ?"

"ಹೂಂ."

"ಮತ್ತ ಆಯಿಗೆ ಯಾಕ ಹೇಳ್ಲಿಲ್ಲ?"

"ಒಮ್ಮೆ ಹೇಳಿದೆ."

"ಒಮ್ಮೆ?" ಕಾಜಲ್ ಪಾಕೀಟನ್ನು ತಾಯಿಯ ಮುಂದೆ ಹಿಡಿದಳು. "ನಾ ಎದಿ ಹೊಡಕೋತೈತಿ ಅಂದಾಗ ಏನಂದಿ ನೀ? ದಣದಾರ ಅಂದಿ."

ಆ ಸಂಜೆ ಊಟಕ್ಕೆ ಕೂತಾಗ ಕಾಜಲ್ ಏನೂ ಹೇಳಲಿಲ್ಲ. ಪಾಕೀಟನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿ ಇಡಲೂ ಇಲ್ಲ. ತಾಯಿಯ ತಟ್ಟೆಯ ಪಕ್ಕದಲ್ಲಿಟ್ಟಳು. ರೂಪಾಲಿ ಅನ್ನ ಕಲಸಿದಳು, ಬಾಯಿಗೆ ಹಾಕಲಿಲ್ಲ.

"ರೀ, ಅವರು ಕಿಡಕಿಯಾಗ ನನಗ ಹೇಳಿದ್ರು. ಒಂದ ಅಂತ. ಅತ್ತಿಗೆ ಹೇಳಿದೆ, ಅವರು ಕೇಳ್ಲಿಲ್ಲ. ನನಗ ಸಿಟ್ಟ ಬಂತು, ಬಿಟ್ಟೆ. ಆಮ್ಯಾಲ ರೀನಾ ಅನ್ನಾಕಿನೂ ಹೇಳಿದ್ಳು, ಎದಿ ನಿಲ್ಲತೈತಿ ಅಂತ. ಆದ್ರೂ ಸೋಮವಾರ ನೋಡೂಣು ಅಂದೆ."

ಮಹಾಂತಪ್ಪ ಹೊಡೆಯುತ್ತಾನೆ ಅಂದುಕೊಂಡಿದ್ದಳು. ಹೊಡೆದಿದ್ದರೆ ಹಗುರಾಗುತ್ತಿದ್ದಳೇನೋ. ಅವನು ತಟ್ಟೆಯಲ್ಲೇ ಕೈ ತೊಳೆದ.

"ಅಷ್ಟ ಮಂದಿ ಮುಂದ ಅವ್ವನ್ನ ಬೈದೆ ನಾ," ಎಂದ. "ನೀ ಅಲ್ಲೇ ನಿಂತಿದ್ದಿ."

"ಹೂಂನ್ರಿ."

ಅವನು ಒದ್ದೆ ಕೈಯನ್ನು ಟವೆಲಿಗೆ ಒರೆಸಿದ. "ಎರಡ ವಾರ ಬಿಸಿ ರೊಟ್ಟಿ ತಿಂದೇನಿ. ಕೂತ್ರ ಏಳದ ಮುದುಕಿ ಒಮ್ಮಿಂದೊಮ್ಮೆ ಹೆಂಗ ಹಿಂಗಾತು ಅಂತ ನಾನೂ ಕೇಳ್ಲಿಲ್ಲ. ಯಾಕ ಕೇಳಬೇಕು? ರೊಟ್ಟಿ ಬಿಸಿ ಇದ್ದು." ಎದ್ದು ಹೊರಗೆ ಹೋದ. ಅವನ ಸಿಟ್ಟು ಹೆಂಡತಿಯ ಮೇಲಿದ್ದುದು ಅರ್ಧ. ಉಳಿದ ಅರ್ಧವನ್ನು ಯಾರ ಮೇಲೆ ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ.

ಮುದಕವ್ವ ಮನೆಗೆ ಬಂದಳು. ಚಿಗಳ್ಳಿಗೆ ಬಾ ಎಂದು ಚನಬಸಪ್ಪ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಕರೆದರೂ, "ಇನ್ನ ನಾಕ ತಿಂಗಳ ಐತೆಲ್ಲಪಾ ಇಲ್ಲಿದು," ಎಂದು ಕರಾರಿನ ಮಾತನ್ನೇ ಮುಂದಿಟ್ಟಳು. ಹತ್ತು ದಿನ ಗುಳಿಗೆ ಪೂರ್ತಿ ಬಂದ್. ಆಮೇಲೆ ದಿನಕ್ಕೊಂದು. ರೂಪಾಲಿ ರೆಸಾರ್ಟಿಗೆ ಹೋಗಲಿಲ್ಲ. ಗಂಜಿ ಕಾಸಿದಳು, ಕಾಲು ಒತ್ತಿದಳು, ಬಿಸಿನೀರು ಹಾಕಿದಳು. ಅತ್ತೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಮಗನೂ ಮೊಮ್ಮಗಳೂ ಹೇಳಿರಲಿಲ್ಲ. ಅದನ್ನು ಅವಳೇ ಹೇಳಲಿ ಎಂದು ಬಿಟ್ಟಿದ್ದರು. ಹತ್ತು ದಿನ ಅವಳು ಮಾಡಿದ ಸೇವೆಯೆಲ್ಲ ಹೇಳುವುದನ್ನು ಮುಂದೂಡುವ ಸೇವೆ. ಅದು ಅವಳಿಗೂ ಗೊತ್ತಿತ್ತು.

ಹನ್ನೊಂದನೆಯ ದಿನ ನಸುಕಿನಲ್ಲಿ ಮುದಕವ್ವ ಮುಖ ತೊಳೆದು ಪೂರ್ವಕ್ಕೆ ಕೂತು ಅಂಗೈ ಚಾಚಿದಳು. ರೂಪಾಲಿ ಹೊಸ ಬಾಟ್ಲಿಯಿಂದ ಒಂದು ಗುಳಿಗೆ ತೆಗೆದು ಆ ಕೈಯಲ್ಲಿಟ್ಟಳು. ಒಂದೇ ಇದ್ದುದರಿಂದ ಅಂಗೈ ದೊಡ್ಡದಾಗಿ ಕಂಡಿತು. ಕೈ ಮುಚ್ಚಲಿಲ್ಲ. ಮುದುಕಿ ಹೆಸರು ಹುಡುಕುತ್ತಿದ್ದಳೇನೋ.

"ಅತ್ತಿ," ಎಂದಳು ರೂಪಾಲಿ. ನೆಲದ ಮೇಲೆ ಕೂತಳು. "ನನಗ ಗೊತ್ತಿತ್ರಿ. ಒಂದ ಅಂತ ಗೊತ್ತಿತ್ತು. ಆಮ್ಯಾಲ, ಜೀವಕ್ಕ ಅಪಾಯ ಅಂತನೂ ಗೊತ್ತಾತು. ಮನಿ ಕೆಲಸ ನಡದಿತ್ತು, ಅದಕ್ಕ ಸುಮ್ಮನಿದ್ದೆ. ದವಾಖಾನ್ಯಾಗ ನೀವು ಬೈಸಿಕೊಂಡಾಗನೂ ಸುಮ್ಮನಿದ್ದೆ."

ಮುದಕವ್ವ ಗುಳಿಗೆಯನ್ನು ಬಾಯಿಗೆ ಹಾಕಿದಳು. ಯಾರ ಹೆಸರನ್ನೂ ಹೇಳಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟಳು.

"ನೀ ಮೊದಲನೇ ದಿವಸ ಹೇಳಿದ್ದಿ," ಎಂದಳು. "ನನಗ ನೆನಪೈತಿ."

"ಮತ್ತ ಡಾಕ್ಟರ ಮುಂದ ತಿಳೀಲಿಲ್ಲ ಅಂದ್ರೆಲ್ಲ."

"ಮತ್ತೇನನ್ಲಿ? ಸೊಸಿ ಮ್ಯಾಲಿನ ಸಿಟ್ಟಿಗೆ ನಾಕ ನುಂಗಿದೆ ಅನ್ಲ್ಯಾ?" ಮುದುಕಿ ಗೋಡೆಗೆ ಒರಗಿದಳು. "ಎರಡನೇ ವಾರದಾಗ ಎದಿ ಹಾರಾಕ ಹತ್ತಿತು. ಕಡಿಮಿ ಮಾಡೂಣು ಅಂದುಕೊಂಡೆ, ಖರೆ. ಒಂದ ದಿನ ಕೈಯಾಗ ಒಂದ ಹಿಡಕೊಂಡು ಕೂತಿದ್ದೆ. ಹಿಂದಿನ ದಿನ ನೀ ಎಲ್ಲಾರ ಮುಂದ ಒಂದ ಮಾತ ಅಂದಿದ್ದಿ. ನೀವು ಇರೂದಕ್ಕ ಈ ಮನಿ ನಡೀತೈತಿ ಅಂತ. ಅದಕ್ಕ ಮತ್ತ ಮೂರು ತೊಗೊಂಡೆ."

 ಹೊರಗೆ ಕಾರ್ಖಾನೆಯ ಕೂಗು ಆಯಿತು. ಮಹಾಂತಪ್ಪ ಆಗಲೇ ತಣ್ಣನೆಯ ರೊಟ್ಟಿ ಕಟ್ಟಿಕೊಂಡು ಹೋಗಿದ್ದ. ಅರ್ಧ ಗಂಟೆ ಚಹಾ ಇಲ್ಲ. ಅತ್ತೆ ಶಾಲು ಎಳೆದು ಹೊದ್ದುಕೊಂಡಳು, ಕಾಲು ಮಡಚಿಕೊಂಡಳು. ಮೊದಲು ಕೂಡುತ್ತಿದ್ದ ಹಾಗೆಯೇ. ಬಾಗಿಲ ಹಿಂದೆ ಕಸಬರಿಗೆ ಇತ್ತು. ಅಂಗಳ ಗುಡಿಸಿರಲಿಲ್ಲ, ರಾತ್ರಿಯ ಬಾಂಡೆ ಹಾಗೇ ಬಿದ್ದಿದ್ದವು.

"ಒಂದರಾಗ ನನಗ ಹಂಗ ಕೆಲಸ ಮಾಡಾಕ ಆಗೂದಿಲ್ಲವಾ," ಎಂದಳು ಮುದಕವ್ವ. "ಇನ್ನ ಹಿಂಗ ಕೂತಿರ್ತೇನಿ. ಮತ್ತ ಬೈತಿ ಏನು?"

"ಇಲ್ರಿ," ಎಂದಳು ರೂಪಾಲಿ.

ಎದ್ದು ಕಸಬರಿಗೆ ತೆಗೆದುಕೊಂಡಳು. ಏಳೂವರೆಗೆ ಓಣಿಯ ಬಾಯಿಯಲ್ಲಿ ಟೆಂಪೋ ಬಂದು ಎರಡು ಸಲ ಹಾರ್ನು ಹೊಡೆದು ಮುಂದೆ ಹೋಗುತ್ತದೆ. ನಾಳೆಯೂ ಹೊಡೆಯುತ್ತದೆ, ನಾಡಿದ್ದೂ. ಅಂಗಳ ಗುಡಿಸುತ್ತ ಅವಳು ಆಗ ಹೇಳಿದ "ಇಲ್ರಿ" ಎಂಬ ಮಾತನ್ನೇ ಮನಸ್ಸಿನಲ್ಲಿ ತಿರುವಿ ನೋಡಿದಳು. ಖರೇ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಅದು ಎಷ್ಟು ದಿನ ಉಳಿಯುತ್ತದೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ, ಮತ್ತು ಅತ್ತೆಗೂ ಅದು ಗೊತ್ತಿಲ್ಲವೆಂದು "ಮತ್ತ ಬೈತಿ ಏನು" ಎಂಬ ಪ್ರಶ್ನೆಯಲ್ಲೇ ತಿಳಿದಿತ್ತು.